ಝೊಂಗೊ ಹಿಮನದಿ: ಕಂಬಗಳ ಲೆಕ್ಕವೂ ಎತ್ತರದ ನಕ್ಷೆಯ ಲೆಕ್ಕವೂ ತಾಳೆಯಾಗುತ್ತಿಲ್ಲ

ಪ್ರಶ್ನೆ (ಕೋಥ್ರೂಡ್, ಪುಣೆ):
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿರುವ ನಾನು, ಬೊಲಿವಿಯಾದ ಝೊಂಗೊ ಹಿಮನದಿಯಲ್ಲಿ ನೆಟ್ಟಿರುವ ಕಂಬಗಳ ಅಳತೆಯಿಂದ ವರ್ಷದಲ್ಲಿ ಹಿಮದ ಗಳಿಕೆ-ನಷ್ಟವನ್ನು ಲೆಕ್ಕ ಹಾಕುತ್ತಿದ್ದೇನೆ. ಎಲ್ಲ ಕಂಬಗಳ ಸರಾಸರಿಯಿಂದ ಸಿಗುವ ನಷ್ಟವು ಬೇರೆ ಬೇರೆ ವರ್ಷಗಳ ಮೇಲ್ಮೈ ಎತ್ತರದ ನಕ್ಷೆಗಳ ವ್ಯತ್ಯಾಸದಿಂದ ಸಿಗುವುದಕ್ಕಿಂತ ಬಹಳ ಹೆಚ್ಚಾಗಿದೆ. ಆಲ್ಪ್ಸ್‌ನಂತೆ ಚಳಿಗಾಲದ ಗಳಿಕೆ, ಬೇಸಿಗೆಯ ನಷ್ಟ ಎಂದು ವಿಂಗಡಿಸಲೂ ಆಗುತ್ತಿಲ್ಲ. ಎಲ್ಲಿ ನೋಡಬೇಕು?

ಉತ್ತರ (ಡೊಂಬಿವಲಿ):
ಮೊದಲು ಸರಾಸರಿಯನ್ನೇ ನೋಡಿ. ಕಂಬಗಳಿರುವುದು ಹೆಚ್ಚಾಗಿ ಕೆಳಭಾಗದಲ್ಲಿ, ಅಂದರೆ ನಷ್ಟ ಅತಿಯಾಗಿರುವ ಕಡೆ; ಆದರೆ ಝೊಂಗೊ ಸುಮಾರು 4,900 ಮೀಟರಿನಿಂದ 6,000 ಮೀಟರಿನವರೆಗೆ ಹಬ್ಬಿದೆ. ಆದ್ದರಿಂದ ಎತ್ತರವನ್ನು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯ ಅಳತೆಯನ್ನು ಅದರ ವಿಸ್ತೀರ್ಣದಿಂದ ಗುಣಿಸಿ ಕೂಡಿಸಿ, ಒಟ್ಟು ವಿಸ್ತೀರ್ಣದಿಂದ ಭಾಗಿಸಬೇಕು. ಮೇಲಿನ ಪಟ್ಟಿಗಳಿಗೆ ಹಿಮದ ಗುಂಡಿ ತೋಡಿ ತೆಗೆದ ಅಳತೆಗಳೇ ಆಧಾರ.

ಸಾಂದ್ರತೆಯನ್ನೂ ಪರೀಕ್ಷಿಸಿ. ಕಂಬದ ಬುಡದಲ್ಲಿ 50 ಸೆಂಟಿಮೀಟರ್ ಗಟ್ಟಿ ಹಿಮಗಡ್ಡೆ ಕರಗಿದರೆ ಸುಮಾರು 45 ಸೆಂಟಿಮೀಟರ್ ನೀರು ಹೋದಂತೆ; ಅಷ್ಟೇ ದಪ್ಪದ, ಘನ ಮೀಟರಿಗೆ 400 ಕಿಲೋ ತೂಗುವ ಹಿಮ ಹೋದರೆ ಕೇವಲ 20 ಸೆಂಟಿಮೀಟರ್. ಎಲ್ಲವನ್ನೂ ಗಡ್ಡೆಯೆಂದೇ ಎಣಿಸಿದರೆ ಲೆಕ್ಕ ಕೆಡುತ್ತದೆ.

ಋತುಗಳನ್ನು ಬೇರ್ಪಡಿಸುವ ಪ್ರಯತ್ನ ಬಿಟ್ಟುಬಿಡಿ. ಅಲ್ಲಿ ಹಿಮ ಬೀಳುವ ಕಾಲವೂ ಕರಗುವ ಕಾಲವೂ ಒಂದೇ: ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ದಟ್ಟ ಹಿಮ ಬಿದ್ದು ಮೇಲ್ಮೈ ಬಿಳಿಯಾಗುವ ಮುನ್ನ, ನಷ್ಟ ಅತಿ ಹೆಚ್ಚು. ಒಣಗಾಲದಲ್ಲಿ ಹಿಮ ನೇರವಾಗಿ ಆವಿಯಾಗುತ್ತದೆ. ಅದಕ್ಕೆ ಕರಗುವುದಕ್ಕಿಂತ ಸುಮಾರು ಎಂಟೂವರೆ ಪಟ್ಟು ಶಾಖ ಬೇಕಾದ್ದರಿಂದ ನಷ್ಟ ತಗ್ಗುತ್ತದೆ. ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗಿನ ಜಲವರ್ಷವನ್ನೇ ಹಿಡಿದು, ತಿಂಗಳ ಅಳತೆಗಳನ್ನು ಅದರೊಳಗೆ ಕೂಡಿಸುವುದು ಸರಿ. ಸಮೀಪದ ಚಕಲ್ತಾಯಾ ಹಿಮನದಿ 2009ರ ವೇಳೆಗೆ ಪೂರ್ತಿ ಅಳಿದುಹೋಗಿದೆ. ಇಂತಹ ಕಡೆ ನಷ್ಟವನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಸಲ್ಲದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ವಿಸ್ತೀರ್ಣದಿಂದ ತೂಗಿದ ಮೇಲೆ ಅಂತರ ಬಹುಮಟ್ಟಿಗೆ ಇಳಿದಿದೆ. ನಕ್ಷೆಯ ಕಡೆಗೆ ಯಾವ ಸಾಂದ್ರತೆ ಬಳಸಲಿ?

ಉತ್ತರ (ಡೊಂಬಿವಲಿ):
ಘನ ಮೀಟರಿಗೆ 850 ಕಿಲೋ, 60 ಹೆಚ್ಚು-ಕಡಿಮೆ, ಎಂಬುದು ವಾಡಿಕೆಯ ಅಂಕಿ. ನಕ್ಷೆಗಳ ನಡುವೆ ಐದು ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಅದನ್ನು ನಂಬಬೇಡಿ. ಆ ಅವಧಿಯ ಎಲ್ಲ ವರ್ಷಗಳ ಕಂಬದ ಲೆಕ್ಕವನ್ನು ಕೂಡಿಸಿದ ಮೇಲೆಯೇ ಹೋಲಿಸಿ.