ಆಟಿಸಂ ಇರುವವರಿಗೆ ನಮ್ಮ ಕಡೆ ಎಂಥ ಕೆಲಸ ಆಗಿಬರುತ್ತದೆ? ಅನುಭವ ಇದ್ದವರು ಹೇಳಿ

ಕೇಳಿದವರು, ಉಪ್ಪಳ

ನನಗೆ 26 ವರ್ಷ, ಬಿ.ಕಾಂ. ಆಗಿದೆ. ಆಟಿಸಂ ಇದೆ ಅಂತ ಗೊತ್ತಾದದ್ದು ಕಾಲೇಜಿಗೆ ಸೇರಿದ ಮೇಲೆ. ಒಂದು ಬಟ್ಟೆ ಅಂಗಡಿಯಲ್ಲಿ ಕ್ಯಾಶಿನಲ್ಲಿ ಕೂತಿದ್ದೆ. ಲೆಕ್ಕ ಒಂದು ರೂಪಾಯಿಯೂ ತಪ್ಪುತ್ತಿರಲಿಲ್ಲ. ಆದರೆ ಓಣಂ ರಶ್ಶು, ಸ್ಪೀಕರಿನ ಹಾಡು, ಗಿರಾಕಿಗಳ ಚೌಕಾಸಿ ಎಲ್ಲ ಸೇರಿ ತಡೆಯಲಾಗದೆ ಬಿಟ್ಟೆ. ಈಗ ಇಂಟರ್‌ವ್ಯೂಗೆ ಹೋದರೆ ‘ನಿಮ್ಮ ಬಗ್ಗೆ ಹೇಳಿ’ ಅನ್ನುತ್ತಾರೆ, ನನಗೆ ಬಾಯಿ ಕಟ್ಟುತ್ತದೆ. ಕಾಸರಗೋಡಿನಿಂದ ಮಂಗಳೂರಿನ ತನಕ ಎಲ್ಲಾದರೂ ಸರಿ. ನನ್ನಂಥವರು ಎಲ್ಲಿ ಕೆಲಸ ಮಾಡುತ್ತಿದ್ದೀರಿ? ಹೇಗೆ ಸಿಕ್ಕಿತು?

ಕುಂಬಳೆಯಿಂದ

ನಾನೂ ನಿಮ್ಮ ಹಾಗೆಯೇ. ಮಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿದ್ದೇನೆ. ಬಟ್ಟೆ ಅಂಗಡಿ ಬಿಟ್ಟದ್ದಕ್ಕೆ ಬೇಜಾರು ಮಾಡಬೇಡಿ. ಕೆಲಸ ನಿಮಗೆ ಬರುತ್ತಿತ್ತು, ಜಾಗ ಆಗಿಬರಲಿಲ್ಲ. ಮುಂದಿನ ಸಲ ಹುದ್ದೆಯ ಹೆಸರು ನೋಡುವ ಮೊದಲು ಜಾಗ ನೋಡಿ. ಅಲ್ಲಿ ಎಷ್ಟು ಜನ, ಫೋನ್ ಎತ್ತುವವರು ಯಾರು, ಕೆಲಸ ಹೇಳುವವರು ಒಬ್ಬರೋ ನಾಲ್ವರೋ. ಇದಿಷ್ಟು ಗೊತ್ತಾದರೆ ಅರ್ಧ ಗೊತ್ತಾದ ಹಾಗೆ.

ಇಂಟರ್‌ವ್ಯೂ ನನಗೂ ಆಗುವುದಿಲ್ಲ. ಪರಿಚಯದ ಮಾಷ್ಟ್ರು ಒಬ್ಬರು ಆಡಿಟರ್ ಹತ್ತಿರ ‘ಮಾತಾಡಿಸಿ ನೋಡುವುದು ಬೇಡ, ಕೆಲಸ ಕೊಟ್ಟು ನೋಡಿ’ ಎಂದಿದ್ದರು. ಒಂದು ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳ ಕಟ್ಟು ಕೊಟ್ಟು ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಹಾಕಲು ಹೇಳಿದರು. ಒಂದೇ ಬಿಲ್ಲು ಎರಡು ಸಲ ಬಂದದ್ದನ್ನು ನಾನು ತೆಗೆದು ಪಕ್ಕಕ್ಕಿಟ್ಟಿದ್ದೆ. ಅದನ್ನು ನೋಡಿಯೇ ಸೇರಿಸಿಕೊಂಡರು.

ಈ ಕೆಲಸ ಹಿಡಿಸಲು ಕಾರಣ, ತಿಂಗಳು ಹೇಗೆ ಸಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರದ್ದು 11ನೇ ತಾರೀಕಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). ಆ ದಿನಗಳಲ್ಲಿ ಗಡಿಬಿಡಿ ಜಾಸ್ತಿ, ಆದರೆ ಬರುವುದು ಗೊತ್ತಿರುವ ಗಡಿಬಿಡಿ.

‘ಸ್ವಲ್ಪ ಬೇಗ ಮಾಡಿ’ ಅಂದರೆ ಎಷ್ಟು ಹೊತ್ತಿಗೆ ಅಂತ ನನಗೆ ತಿಳಿಯುವುದಿಲ್ಲ. ಅದನ್ನು ಹೇಳಿದೆ. ಈಗ ಮೇಡಂ ಒಂದು ಹಳದಿ ಚೀಟಿ ಬರೆದು ಫೈಲಿನ ಮೇಲೆ ಅಂಟಿಸುತ್ತಾರೆ: ‘ಖರೀದಿ ಬಿಲ್ ಮಾತ್ರ, ನಾಳೆ 3 ಗಂಟೆಗೆ.’ ಬಾಕಿಯವರೂ ಅದನ್ನೇ ಕೇಳಿ, ಈಗ ಎಲ್ಲರ ಫೈಲಿಗೂ ಚೀಟಿ.

ನನಗೆ ದೊಡ್ಡ ಉಪದ್ರ ರೈಲು. ಆಫೀಸಿನ ಹೊತ್ತಿನ ಗಾಡಿಯಲ್ಲಿ ನಿಲ್ಲಲೂ ಜಾಗ ಇಲ್ಲ. ಮೊದಲಿನ ಗಾಡಿಗೆ ಹೋಗಿ, ಬೀಗ ತೆಗೆಯುವ ತನಕ ಹೊರಗೆ ಕೂತಿರುತ್ತೇನೆ. ಸಂಬಳದ ಲೆಕ್ಕ ಹಾಕುವಾಗ ದಾರಿಯ ಸುಸ್ತನ್ನೂ ಸೇರಿಸಿ.

ಬದಿಯಡ್ಕದಿಂದ, ಒಬ್ಬ ತಾಯಿ

ಇಲ್ಲಿ ಎಲ್ಲರೂ ಓದಿದವರ ವಿಷಯ ಹೇಳುತ್ತೀರಿ, ನನ್ನ ಮಗನದ್ದೂ ಸ್ವಲ್ಪ ಹೇಳುತ್ತೇನೆ. ಅವನಿಗೆ ಮಾತು ಕಡಿಮೆ. ಹದಿನೆಂಟು ದಾಟಿದ ಮೇಲೆ ಪಂಚಾಯತಿನ ಬಡ್ಸ್ ಕೇಂದ್ರಕ್ಕೆ (ಇಂಥ ಮಕ್ಕಳಿಗೆ ಕೆಲಸ ಕಲಿಸುವ ಜಾಗ) ಹೋಗುತ್ತಿದ್ದ. ಅಲ್ಲಿ ಪೇಪರ್ ಲಕೋಟೆ ಮಾಡಿಸುತ್ತಿದ್ದರು, ಅವನಿಗೆ ಅದು ಬೇಡ. ಮನೆಯಲ್ಲಿ ಅಡಿಕೆ ಸುಲಿದು ಹಾಕಿದರೆ ಸಾಕು, ಪಟೋರ, ಉಳ್ಳಿ, ಕೋಕ, ಕರಿಗೋಟು ಅಂತ ಅಡಿಕೆಯ ತರ ನೋಡಿ ಯಾರೂ ಹೇಳದೆ ಬೇರೆ ಬೇರೆ ರಾಶಿ ಮಾಡುತ್ತಿದ್ದ. ಕೋಕವನ್ನು ಒಂದಕ್ಕೊಂದು ತಾಗಿಸಿ ಶಬ್ದ ಕೇಳಿಯೇ ಹಿಡಿಯುತ್ತಾನೆ. ಈಗ ಹತ್ತಿರದ ಅಡಿಕೆ ವ್ಯಾಪಾರಿಯ ಗೋದಾಮಿನಲ್ಲಿ ಅದೇ ಕೆಲಸ. ಮೊದಲ ಕೆಲವು ವಾರ ನಾನೂ ಪಕ್ಕದಲ್ಲಿ ಕೂತಿದ್ದೆ. ಶುರುವಿಗೆ ಅವರು ‘ಪಾಪ, ಬಂದು ಕೂರಲಿ’ ಅಂದರು. ನಾನು ಬಿಡಲಿಲ್ಲ. ಬಾಕಿಯವರಿಗೆ ಎಷ್ಟೋ ಇವನಿಗೂ ಅಷ್ಟೇ ಕೂಲಿ, ಅದೂ ಅವನ ಖಾತೆಗೆ. ನೀವು ಎಲ್ಲಿ ಹೋದರೂ ಸಂಬಳದ ಮಾತು ಮೊದಲೇ ಆಡಿ ಮಗಾ. ಕರುಣೆಯ ಕೆಲಸಕ್ಕೆ ದುಡಿತ ಜಾಸ್ತಿ, ದುಡ್ಡು ಕಡಿಮೆ.

ಕಾಸರಗೋಡಿನಿಂದ, ನಿವೃತ್ತ ಗುಮಾಸ್ತ

ಕಾಗದಪತ್ರದ ವಿಷಯ ನಾನು ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಸರಕಾರಿ ಕೆಲಸದಲ್ಲಿ 4% ಮೀಸಲಾತಿ. ಅದರಲ್ಲಿ 1% ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಬಹು ಅಂಗವೈಕಲ್ಯ ಇವರಿಗೆಲ್ಲ ಸೇರಿ. ಅದು ಸಿಗಬೇಕಾದರೆ ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ ಕನಿಷ್ಠ 40% ಅಂತ ಇರಬೇಕು. ಡಾಕ್ಟರ ಚೀಟಿ ಸಾಲದು. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಕೇರಳ ಸರಕಾರದ ಅಕ್ಷಯ ಸೇವಾ ಕೇಂದ್ರದಲ್ಲಿ ಹಾಕಿಕೊಡುತ್ತಾರೆ. ಕಾರ್ಡು ದೇಶದಲ್ಲಿ ಎಲ್ಲ ಕಡೆ ನಡೆಯುತ್ತದೆ, ತಲಪ್ಪಾಡಿ ಗೇಟು ದಾಟಿ ಕರ್ನಾಟಕಕ್ಕೆ ಹೋದರೂ.

ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳಂ ಎರಡೂ ಬಲ್ಲ ಎಲ್‌.ಡಿ. ಕ್ಲರ್ಕ್ (ಕೆಳದರ್ಜೆ ಗುಮಾಸ್ತ) ಹುದ್ದೆಗೆ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಬೇರೆಯೇ ಅರ್ಜಿ ಕರೆಯುತ್ತದೆ. ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆ, ನಿಮ್ಮ ಬಗ್ಗೆ ಹೇಳಿ ಅನ್ನುವವರು ಯಾರೂ ಇಲ್ಲ. ಮಲಯಾಳಂ ಓದಲು ಬರುತ್ತದಾ? ಬರುವುದಾದರೆ ಈಗಲೇ ಪಿಎಸ್‌ಸಿ ವೆಬ್‌ಸೈಟಿನಲ್ಲಿ ಪ್ರೊಫೈಲ್ ಮಾಡಿಡಿ. ಆದರೆ ಪಿಎಸ್‌ಸಿ ಅಂದರೆ ವರ್ಷಗಟ್ಟಲೆ ಕಾಯುವ ಬಾಬತ್ತು. ಅದನ್ನೇ ನಂಬಿ ಮನೆಯಲ್ಲಿ ಕೂರಬೇಡಿ.

ಮಂಜೇಶ್ವರದಿಂದ

ನನ್ನ ತಂಗಿ ಬೆಂಗಳೂರಿನಲ್ಲಿದ್ದಾಳೆ, ಅವಳಿಗೂ ಆಟಿಸಂ. ಸ್ಯಾಪ್ ಅನ್ನುವ ಸಾಫ್ಟ್‌ವೇರ್ ಕಂಪನಿ ಆಟಿಸಂ ಇರುವವರನ್ನು ಕೆಲಸಕ್ಕೆ ತೆಗೆದುಕೊಳ್ಳಲು 2013ರಲ್ಲಿ ‘ಆಟಿಸಂ ಅಟ್ ವರ್ಕ್’ ಅಂತ ಶುರು ಮಾಡಿದ ಮೇಲೆ ಆಟಿಸಂ ಅಂದರೆ ಕಂಪ್ಯೂಟರ್ ಅನ್ನುವ ಮಾತು ಜಾಸ್ತಿಯಾಗಿದೆ. ತಂಗಿಗೆ ಕಂಪ್ಯೂಟರ್ ಕಂಡರಾಗದು, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಾಳೆ. ಊರು ಬಿಡುವ ಮನಸ್ಸಿದ್ದರೆ ಬೆಂಗಳೂರಿನ ಎನೇಬಲ್ ಇಂಡಿಯಾದವರನ್ನು ಕೇಳಿ. ಅಂಗವಿಕಲರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುವ ಸಂಸ್ಥೆ ಅದು. ಕೆಲಸ ಕೊಡಿಸುತ್ತೇವೆ, ಮೊದಲು ದುಡ್ಡು ಕಟ್ಟಿ ಅನ್ನುವ ಏಜೆಂಟರ ಹತ್ತಿರ ಸುಮ್ನೆ ಕೂಡ ಹೋಗಬೇಡಿ.

ಕಾಸರಗೋಡು ಪೇಟೆಯಿಂದ, ಪ್ರೆಸ್ ಇಟ್ಟುಕೊಂಡವರು

ನಾನು ಕೆಲಸ ಕೊಡುವ ಕಡೆಯವನು. ಪ್ರೂಫ್ ನೋಡಲು ಒಬ್ಬ ಹುಡುಗ ಬಂದಿದ್ದ, ಆಟಿಸಂ ಇದೆ ಅಂತ ಹೇಳಲಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ, ಮಧ್ಯಾಹ್ನ ಒಬ್ಬನೇ ಉಣ್ಣುತ್ತಾನೆ. ಜಂಬ ಅಂತ ತಿಳಿದವರೇ ಎಲ್ಲ. ಅವನೂ ನಿಲ್ಲಲಿಲ್ಲ. ಮೊದಲೇ ಹೇಳಿದ್ದರೆ ಮೆಶಿನ್ ಇಲ್ಲದ ಕೋಣೆ ಕೊಡುತ್ತಿದ್ದೆ. ಹಾಗಾಗಿ ಸೇರುವಾಗಲೇ ಹೇಳಿಬಿಡಿ.

ಕುಂಬಳೆಯಿಂದ, ಮತ್ತೆ

ಪ್ರೆಸ್ಸಿನ ಅಣ್ಣ, ನಿಮ್ಮಂಥವರಾದರೆ ಸರಿ. ನಾನು ಒಂದು ಕಡೆ ಮೊದಲೇ ಹೇಳಿದ್ದಕ್ಕೆ ‘ಆಮೇಲೆ ಫೋನ್ ಮಾಡುತ್ತೇವೆ’ ಅಂದರು. ಆ ಫೋನ್ ಬರಲೇ ಇಲ್ಲ. ಈಗಿನ ಆಫೀಸಿನಲ್ಲಿ ಬಿಲ್ಲಿನ ಕಟ್ಟು ಮುಗಿಸಿ ಕೊಟ್ಟ ಮೇಲೆ ಹೇಳಿದೆ. ಉಪ್ಪಳದವರೇ, ಆಟಿಸಂ ಅನ್ನುವ ಹೆಸರನ್ನು ಯಾವಾಗ ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು. ‘ಕೆಲಸ ಬರೆದು ಕೊಡಿ, ಫೋನ್ ಬೇಡ, ಗೋಡೆ ಬದಿಯ ಮೇಜು ಕೊಡಿ’ ಅನ್ನುವುದನ್ನು ಮಾತ್ರ ಮೊದಲ ದಿನವೇ ಕೇಳಿ. ಬಾಯಿ ಕಟ್ಟಿದರೆ ಬರೆದು ಕೊಡಿ. ನಾನು ಬರೆದುಕೊಟ್ಟ ಕಾಗದ ನನ್ನ ಹತ್ತಿರ ಇದೆ, ಬೇಕಾದರೆ ಕಳಿಸುತ್ತೇನೆ.