ಗಾಯ ಒಣಗಿದ್ರೂ ನೋವು ಯಾಕೆ ಹೋಗ್ತಿಲ್ಲ?

ಪ್ರಶ್ನೆ: ಅಮ್ಮಂಗೆ ಸರ್ಪಸುತ್ತು ಆಗಿ 4 ತಿಂಗಳಾಯ್ತು, ಗುಳ್ಳೆ ಎಲ್ಲಾ ಒಣಗಿ ಕಲೆ ಮಾತ್ರ ಇದೆ, ಆದ್ರೆ ಬೆನ್ನಿಗೆ ಬಟ್ಟೆ ತಾಗಿದ್ರೂ ಬೆಂಕಿ ಇಟ್ಟಂಗೆ ಉರಿಯುತ್ತೆ ಅಂತ ರಾತ್ರಿಯೆಲ್ಲಾ ನರಳ್ತಾರೆ, ನೋಡಕ್ಕಾಗಲ್ಲ. ಪ್ಯಾರಾಸಿಟಮಾಲ್ ಕೆಲಸ ಮಾಡ್ತಿಲ್ಲ. ಈಗ ಡಾಕ್ಟರ್ ಅಮಿಟ್ರಿಪ್ಟಿಲಿನ್ ಬರೆದಿದ್ದಾರೆ, ಅದು ಡಿಪ್ರೆಶನ್ ಮಾತ್ರೆ ಅಲ್ವಾ? ನೋವು ಮನಸ್ಸಿನದ್ದು ಅಂತಾನಾ?

ಉತ್ತರ 1: ಖಂಡಿತ ಅಲ್ಲ, ನೋವು ನಿಜವಾದದ್ದೇ. ಸಾಮಾನ್ಯವಾಗಿ ಪೆಟ್ಟು ಬಿದ್ರೆ ಚರ್ಮದ ನರತುದಿಗಳು ಬೆನ್ನುಹುರಿಗೆ ಸಿಗ್ನಲ್ ಕಳಿಸ್ತವೆ, ವೇಗದ ಎ-ಡೆಲ್ಟಾ ನರಗಳಿಂದ ಮೊದಲು ಚುರುಕ್ ಅನ್ನೋ ನೋವು, ಆಮೇಲೆ ನಿಧಾನದ ಸಿ ನರಗಳಿಂದ ಉರಿ. ಸರ್ಪಸುತ್ತಲ್ಲಿ ವೈರಸ್ಸು ನರಕ್ಕೇ ಹಾನಿ ಮಾಡಿರುತ್ತೆ, ಹಾಗಾಗಿ ಚರ್ಮ ಸರಿಹೋದ್ರೂ ನರ ತಾನಾಗೇ ಸಿಗ್ನಲ್ ಕಳಿಸ್ತಾನೇ ಇರುತ್ತೆ, ಬೆನ್ನುಹುರಿನೂ ಸೂಕ್ಷ್ಮ ಆಗಿ ಬರೀ ಸ್ಪರ್ಶನೂ ನೋವು ಅಂತ ಓದ್ಕೊಳುತ್ತೆ. ಅಮಿಟ್ರಿಪ್ಟಿಲಿನ್ ಕಮ್ಮಿ ಡೋಸಲ್ಲಿ, ಮೆದುಳಿಂದ ಕೆಳಗೆ ಬರೋ ನೋವು ತಡೆಯೋ ದಾರಿನ ಬಲಪಡಿಸುತ್ತೆ.

ಉತ್ತರ 2: ನಮ್ಮತ್ತೆಗೂ ಇದೇ ಆಗಿತ್ತು, ನರದ ನೋವಿಗೆ ಗ್ಯಾಬಾಪೆಂಟಿನ್ ಅನ್ನೋ ಔಷಧಿ ಮತ್ತೆ ಚರ್ಮದ ಮೇಲೆ ಅಂಟಿಸೋ, ಜೋಮು ಹಿಡಿಸೋ ಲಿಡೊಕೇನ್ ಪ್ಯಾಚ್ ಕೊಟ್ಟಿದ್ರು. ಗುಣ ಕಾಣಕ್ಕೆ ಕೆಲವು ವಾರ ಬೇಕು, ಎರಡು ದಿನಕ್ಕೇ ನಿಲ್ಲಿಸ್ಬೇಡಿ ದಯವಿಟ್ಟು. ಮಂಪರು, ಬಾಯಿ ಒಣಗೋದು ಇರುತ್ತೆ, ರಾತ್ರಿ ಎದ್ದಾಗ ಬೀಳದಂಗೆ ನೋಡ್ಕೊಳ್ಳಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್, ಮನಸ್ಸು ಹಗುರಾಯ್ತು. ಉಜ್ಜಿದ್ರೆ ಕಮ್ಮಿ ಆಗುತ್ತಾ?

ಉತ್ತರ 1: ಮೊಣಕೈ ತಗುಲಿದಾಗ ಉಜ್ಜಿದ್ರೆ ಹಾಯಾಗುತ್ತಲ್ಲ, ಸ್ಪರ್ಶದ ಸಿಗ್ನಲ್ಲು ಬೆನ್ನುಹುರಿಲಿ ನೋವಿನ ಗೇಟ್ ಮುಚ್ಚುತ್ತೆ ಅಂತ 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಅನ್ನೋ ವಿಜ್ಞಾನಿಗಳು ವಿವರಿಸಿದ್ರು. ಆದ್ರೆ ಅಮ್ಮಂಗೆ ಸ್ಪರ್ಶಾನೇ ನೋವು, ಉಜ್ಜಬೇಡಿ, ಸಡಿಲ ಹತ್ತಿ ಬಟ್ಟೆ ಹಾಕ್ಸಿ.