ಹಳೇ ವಸತಿ ಸಮುಚ್ಚಯ: ಕೆಡವಿ ಕಟ್ಟೋದಾ, ಉಳಿಸಿಕೊಂಡು ದುರಸ್ತಿ ಮಾಡೋದಾ? ಪರಿಸರದ ಲೆಕ್ಕ ಹೇಗೆ?

ಪ್ರಶ್ನೆ – ಓಣಿಮನೆ

ಒಂದು ಹೆಕ್ಟೇರ್ ಜಾಗ. ನಾಲ್ಕು ಅಂತಸ್ತಿನ ಕಾಂಕ್ರೀಟ್ ಕಟ್ಟಡಗಳು, 160 ಮನೆ, ವಯಸ್ಸು ಸುಮಾರು 45 ವರ್ಷ. ಮುಂದಿರುವ ದಾರಿಗಳು ಮೂರು. 1ನೇದು, ಗಟ್ಟಿ ಮಾಡಿ ದುರಸ್ತಿ, ಅದೇ 160 ಮನೆ. 2ನೇದು, ಹಳೆಯದನ್ನು ಉಳಿಸಿಕೊಂಡು ಖಾಲಿ ಮೂಲೆಯಲ್ಲಿ ಹೊಸ ಬ್ಲಾಕ್, ಒಟ್ಟು 240. 3ನೇದು, ಪೂರ್ತಿ ಕೆಡವಿ ಎರಡು ಬೇಸ್‌ಮೆಂಟ್ ಇರುವ ಟವರ್, 400 ಮನೆ.

ಕರಡು ವರದಿಯ ಪ್ರಕಾರ 3ನೇದೇ ಪರಿಸರಕ್ಕೆ ಒಳ್ಳೆಯದು, ಯಾಕಂದ್ರೆ ಮನೆಯೊಂದಕ್ಕೆ ವಿದ್ಯುತ್ ಖರ್ಚು ಕಡಿಮೆ. ಹೋಲಿಸಿರೋದು ಮಾತ್ರ ಈಗಿನ ಸೋರುವ ಕಟ್ಟಡದ ಜೊತೆ. ಇದು ಸರಿಯಾ? ಧೂಳು, ಮಳೆನೀರು, ಮರ ಇವನ್ನೆಲ್ಲ ಇಂಗಾಲದ ಜೊತೆ ಒಂದೇ ಲೆಕ್ಕದಲ್ಲಿ ತರಬಹುದಾ?

ಉತ್ತರ – ಗಾರೆಲೆಕ್ಕ

ಸರಿಯಲ್ಲ. ಏನೂ ಮಾಡದೆ ಬಿಟ್ಟರೆ ಏನಾಗುತ್ತೆ ಅನ್ನೋದು ಅಳತೆಯ ಆರಂಭಬಿಂದು, ಅಷ್ಟೇ. 3ನೇದರ ನಿಜವಾದ ಎದುರಾಳಿ ದುರಸ್ತಿಯಾದ ಕಟ್ಟಡ.

ಯುರೋಪಿನ ಇಎನ್ 15978 ಮಾನದಂಡದಲ್ಲಿ ಕಟ್ಟಡದ ಆಯುಷ್ಯವನ್ನು ಹಂತಗಳಾಗಿ ಒಡೆದಿದ್ದಾರೆ: ಎ1ರಿಂದ ಎ5 ಅಂದ್ರೆ ಸಾಮಗ್ರಿ ತಯಾರಿ, ಸಾಗಣೆ, ಕಟ್ಟೋ ಕೆಲಸ, ಬಿ ಅಂದ್ರೆ ಬಳಕೆ ಮತ್ತು ರಿಪೇರಿ, ಸಿ ಅಂದ್ರೆ ಕೆಡವಿ ಸಾಗಿಸೋದು. ನಿಮ್ಮ ವರದಿ ಹಿಡಿದುಕೊಂಡಿರೋದು ಬಿ6 ಒಂದನ್ನೇ, ಅಂದರೆ ಬಳಕೆಯ ಶಕ್ತಿ.

ಲೆಕ್ಕದ ದಾರಿ ಗೊತ್ತಾಗಲಿ ಅಂತ ಅಂದಾಜು ಅಂಕಿ ಇಟ್ಟುಕೊಳ್ಳೋಣ. ಹೊಸದನ್ನು ಕಟ್ಟೋಕೆ ಚದರ ಮೀಟರಿಗೆ 500 ಕೆಜಿ ಇಂಗಾಲ (ಅಂದ್ರೆ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ), ದುರಸ್ತಿಗೆ 200. ವ್ಯತ್ಯಾಸ 300 ಕೆಜಿ. ದುರಸ್ತಿಯಾದದ್ದಕ್ಕಿಂತ ಹೊಸದು ವರ್ಷಕ್ಕೆ ಚದರ ಮೀಟರಿಗೆ 20 ಯೂನಿಟ್ ಉಳಿಸುತ್ತೆ ಅನ್ನಿ. ಯೂನಿಟ್‌ಗೆ 0.7 ಕೆಜಿ ಹಿಡಿದರೆ ವರ್ಷಕ್ಕೆ 14 ಕೆಜಿ, ಆ 300 ಕೆಜಿ ಸಾಲ ತೀರೋಕೆ 21 ವರ್ಷ. ಆದರೆ ಗ್ರಿಡ್‌ಗೆ ಸೌರ, ಗಾಳಿ ವಿದ್ಯುತ್ ಸೇರುತ್ತಾ ಹೋಗಿ ಸರಾಸರಿ 0.35ಕ್ಕೆ ಇಳಿದರೆ ಅದೇ 43 ವರ್ಷ! ಇವತ್ತಿನ ಗ್ರಿಡ್ ಅಂಕಿಯನ್ನೇ 60 ವರ್ಷಕ್ಕೂ ಎಳೆದರೆ ಹೊಸ ಕಟ್ಟಡ ಯಾವಾಗಲೂ ಗೆಲ್ಲೋ ಹಾಗೆ ಕಾಣುತ್ತೆ. ಮೊದಲು ನೋಡಬೇಕಾದ ಜಾಗ ಅದೇ.

ಇಂಗಾಲ ಕಡಿಮೆ ಮಾಡೋಕೆ ಸ್ಲ್ಯಾಗ್ ಸಿಮೆಂಟ್ (ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ್ದು) ಹಾಕ್ತೀವಿ ಅಂತ ವರದಿಯಲ್ಲಿದ್ದರೆ ಸೆಂಟ್ರಿಂಗ್ ಬಿಚ್ಚೋ ದಿನಗಳನ್ನೂ ಕೇಳಿ. ಸ್ಲ್ಯಾಗ್ ಜಾಸ್ತಿಯಾದಷ್ಟು ಮೊದಲ ವಾರದ ಬಲ ನಿಧಾನ. ವೇಳಾಪಟ್ಟಿ ಬಿಗಿಯಾಗಿದ್ದರೆ ಸೈಟ್‌ನಲ್ಲಿ ಮಾಮೂಲಿ ಸಿಮೆಂಟ್‌ಗೆ ವಾಪಸ್ ಹೋಗ್ತಾರೆ, ಕಾಗದದ ಉಳಿತಾಯ ಕಾಗದದಲ್ಲೇ ಉಳಿಯುತ್ತೆ.

ಉತ್ತರ – ಕಂಬಿಕಟ್ಟು

ಇಷ್ಟೆಲ್ಲ ಲೆಕ್ಕಕ್ಕೆ ಮುಂಚೆ ಒಂದು ಮಾತು. 1, 2ನ್ನು ಕೈಬಿಡೋಕೆ "ಕಟ್ಟಡಕ್ಕೆ ವಯಸ್ಸಾಯ್ತು" ಅಂತ ಬರೆದಿದ್ದರೆ ಒಪ್ಪಬೇಡಿ. ವಯಸ್ಸು ಪರೀಕ್ಷೆಯ ಫಲಿತಾಂಶ ಅಲ್ಲ.

ಕಾಂಕ್ರೀಟನ್ನು ಹೊಸದಾಗಿ ಒಡೆದು, ಪುಡಿ ಊದಿ, ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಬೇಕು. ಗುಲಾಬಿ ಬಣ್ಣ ಬಂದ ಕಡೆ ಕಂಬಿಯನ್ನು ತುಕ್ಕಿನಿಂದ ಕಾಯೋ ಕ್ಷಾರ ಇನ್ನೂ ಇದೆ, ಬಣ್ಣ ಬಾರದ ಕಡೆ ಕಾರ್ಬೊನೇಶನ್ ಆಗಿದೆ, ಅಂದ್ರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕ್ಷಾರ ಕಳೆದುಹೋಗಿದೆ. ಬಣ್ಣ ಬಾರದ ಪದರ 15 ಮಿಮೀ, ಕಂಬಿಯ ಕವರ್ (ಕಂಬಿ ಮೇಲಿರೋ ಕಾಂಕ್ರೀಟ್ ದಪ್ಪ) 25 ಮಿಮೀ ಇದ್ದರೆ ಆ ಕಂಬಿಗೆ ರಕ್ಷಣೆ ಉಳಿದಿದೆ. ಪದರ ಕಂಬಿ ದಾಟಿದ್ದರೆ ಹಾಫ್‌ಸೆಲ್ ಪರೀಕ್ಷೆ ಮಾಡಿಸಿ, ಅಂದ್ರೆ ಕಂಬಿಯ ವೋಲ್ಟೇಜ್ ಅಳೆದು ತುಕ್ಕು ಪತ್ತೆ ಮಾಡೋದು. ತಾಮ್ರದ ಸಲ್ಫೇಟ್ ಎಲೆಕ್ಟ್ರೋಡ್‌ನಲ್ಲಿ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಹೋದರೆ ತುಕ್ಕು ನಡೀತಿರೋ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು. ಬಚ್ಚಲಮನೆ ಕೆಳಗೆ, ಓವರ್‌ಹೆಡ್ ಟ್ಯಾಂಕ್ ಕೆಳಗೆ ಮಾತ್ರ ತೂತು ಕೊರೆದು ಇಡೀ ಕಟ್ಟಡಕ್ಕೆ ತೀರ್ಪು ಕೊಡೋದು ಅನ್ಯಾಯ. ಒಣಗಿರೋ ಕೋಣೆಗಳದ್ದೂ ಬೇಕು.

ದುರಸ್ತಿ ಸೋಲೋದು ಹೆಚ್ಚಾಗಿ ಎರಡು ಕಡೆ. ಪೈಪ್ ಸೋರಿಕೆ ನಿಲ್ಲಿಸದೆ ಸ್ಲ್ಯಾಬ್ ತಳಕ್ಕೆ ತೇಪೆ ಹಾಕೋದು. ಇನ್ನೊಂದು, ಕಾಂಕ್ರೀಟ್‌ನಲ್ಲಿ ಕ್ಲೋರೈಡ್ (ತುಕ್ಕು ಹಿಡಿಸೋ ಉಪ್ಪಿನಂಶ) ಇದ್ದರೂ ಉದುರಿದ ಭಾಗಕ್ಕಷ್ಟೇ ಹೊಸ ಗಾರೆ ತುಂಬೋದು. ಆಗ ತೇಪೆಯ ಅಂಚಿನಾಚೆ ಹೊಸದಾಗಿ ತುಕ್ಕು ಶುರುವಾಗುತ್ತೆ.

ಫ್ರಾನ್ಸಿನ ಬೋರ್ಡೊ ನಗರದ ಗ್ರಾಂ ಪಾರ್ಕ್‌ನಲ್ಲಿ 530 ಮನೆಗಳನ್ನು ಕೆಡವದೆ, ಹೊರಗೋಡೆಗೆ ಗಾಜಿನ ಜಗಲಿಗಳನ್ನು ಜೋಡಿಸಿ 2017ಕ್ಕೆ ಮುಗಿಸಿದರು. ಕೆಲಸ ನಡೆಯುವಾಗ ಜನ ಅಲ್ಲೇ ಇದ್ದರು. ಜನ ಮನೆ ಬಿಡಬೇಕಾಗಿಲ್ಲ ಅನ್ನೋದೂ ಪರಿಣಾಮದ ಪಟ್ಟಿಗೆ ಸೇರಬೇಕು.

ಉತ್ತರ – ಇಂಗುಗುಂಡಿ

3ನೇದರಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸೋದು ಬೇಸ್‌ಮೆಂಟ್. ಅರ್ಧ ಹೆಕ್ಟೇರ್‌ನಲ್ಲಿ 7 ಮೀಟರ್ ಅಗೆದರೆ 35,000 ಘನ ಮೀಟರ್ ಮಣ್ಣು. ಅಗೆದ ಮಣ್ಣು ಉಬ್ಬುತ್ತೆ, ಶೇ. 25 ಸೇರಿಸಿ. 12 ಘನ ಮೀಟರ್ ಟಿಪ್ಪರ್‌ನಲ್ಲಿ ಸುಮಾರು 3,650 ಲೋಡ್. ಕೆಡವಿದ ಅವಶೇಷ ಇದಕ್ಕೆ ಹೊರತು. ಅಂತರ್ಜಲ ಮೇಲಿದ್ದರೆ ತಿಂಗಳುಗಟ್ಟಲೆ ಪಂಪ್ ಓಡಬೇಕು, ಸುತ್ತಲ ಬಾವಿಗಳ ನೀರು ಇಳಿಯುತ್ತೆ, ಪಕ್ಕದ ತಳಪಾಯ ಕುಸಿಯಬಹುದು.

ಮಳೆನೀರು: ಹೆಕ್ಟೇರ್ ಮೇಲೆ 50 ಮಿಮೀ ಬಿದ್ದರೆ 5 ಲಕ್ಷ ಲೀಟರ್. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗೋ ಪಾಲು) 0.5ರಿಂದ 0.85ಕ್ಕೆ ಏರಿದರೆ ಹೊರಹೋಗೋದು ಎರಡೂವರೆಯಿಂದ ನಾಲ್ಕೂಕಾಲು ಲಕ್ಷಕ್ಕೆ. ಬೇಸ್‌ಮೆಂಟ್ ಸ್ಲ್ಯಾಬ್ ಮೇಲೆ ಎರಡಡಿ ಮಣ್ಣು ಹಾಕಿದ ಹುಲ್ಲುಹಾಸನ್ನು "ತೆರೆದ ನೆಲ" ಅಂತ ತೋರಿಸ್ತಾರೆ, ನಕ್ಷೆಯಲ್ಲಿ ಬೇಸ್‌ಮೆಂಟ್ ಗೆರೆ ಎಲ್ಲಿಗೆ ಬರುತ್ತೆ ನೋಡಿ. ಮರಗಳನ್ನು ಎಣಿಸದೆ ನೆರಳಿನ ಹರವು ಅಳೆಯಿರಿ; ಹತ್ತು ಸಸಿ ಒಂದು ದೊಡ್ಡ ಮರಕ್ಕೆ ಸಮ ಅಲ್ಲ. ಕಲ್ನಾರು (ಆಸ್ಬೆಸ್ಟಾಸ್) ಶೀಟ್ ಇದ್ದರೆ ಕೆಡವೋ ಮುಂಚೆಯೇ, ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕು.

ಇವನ್ನೆಲ್ಲ ಕೂಡಿಸಿ ಒಂದೇ ಅಂಕ ಮಾಡಬೇಡಿ. ಧೂಳು ಎರಡು ವರ್ಷದ್ದು, ನೆರೆಯವರು ಉಸಿರಾಡೋದು. ಇಂಗಾಲ ಎಲ್ಲರದ್ದು. ಪ್ರತಿಯೊಂದನ್ನೂ ಅದರದೇ ಅಳತೆಯಲ್ಲಿ ಬರೆದು, ಯಾರ ಮೇಲೆ, ಎಷ್ಟು ಕಾಲ, ವಾಪಸ್ ಸರಿಮಾಡಬಹುದಾ ಅನ್ನೋ ಮೂರು ಕಾಲಂ ಇಡಿ.

ಓಣಿಮನೆ

ತುಂಬಾ ಉಪಕಾರ. ಆದರೆ 3ನೇದು 400 ಮನೆ ಕೊಡುತ್ತೆ. 160ರ ಜೊತೆ ಹೋಲಿಸಿದರೆ ಅದಕ್ಕೂ ಅನ್ಯಾಯ ಅಲ್ವಾ?

ಗಾರೆಲೆಕ್ಕ

ಹೌದು, ಒಳ್ಳೇ ಪ್ರಶ್ನೆ. ಲೆಕ್ಕ ಹಾಕುವಾಗ ಮೂರರಲ್ಲೂ 400 ಮನೆ ಇರಲೇಬೇಕು. 1ನೇದಕ್ಕೆ 240 ಮನೆ, 2ನೇದಕ್ಕೆ 160 ಮನೆ ಬೇರೆಡೆ ಕಟ್ಟೋ ಇಂಗಾಲವನ್ನು ಸೇರಿಸಿ. ಅವು ಊರಾಚೆ ಹೊಸ ಬಡಾವಣೆಯಲ್ಲಿ ಬಂದರೆ ರಸ್ತೆ, ಚರಂಡಿ, ದಿನನಿತ್ಯದ ಓಡಾಟ ಎಲ್ಲ ಸೇರಿ 3ನೇದೇ ಗೆಲ್ಲಬಹುದು, ಅದನ್ನು ಮುಚ್ಚಿಡಬಾರದು. ಹತ್ತಿರದ ಖಾಲಿ ಜಾಗದಲ್ಲೋ ಬಸ್ ದಾರಿಯಲ್ಲೋ ಬಂದರೆ ಸಾಮಾನ್ಯವಾಗಿ 2ನೇದು ಮುಂದೆ. ಎರಡೂ ಲೆಕ್ಕ ಹಾಕಿಸಿ.

ಇಂಗುಗುಂಡಿಯವರ ಮಾತಿನಿಂದ ನಾಲ್ಕನೇ ಆಯ್ಕೆಯೂ ಹೊರಡುತ್ತೆ: ಪಾರ್ಕಿಂಗ್ ಕಡಿತ ಮಾಡಿ, ಬೇಸ್‌ಮೆಂಟ್ ಇಲ್ಲದೆ ಮಧ್ಯಮ ಎತ್ತರದ ಕಟ್ಟಡ. ವರದಿಯಲ್ಲಿ ಅದು ಇಲ್ಲ, ಸೇರಿಸಿ ಅಂತ ಬರವಣಿಗೆಯಲ್ಲೇ ಕೇಳಿ. ಜೊತೆಗೆ ಮೂಲ ಎಕ್ಸೆಲ್ ಶೀಟ್ ತರಿಸಿಕೊಂಡು ಗ್ರಿಡ್ ಅಂಕಿ, ಅಧ್ಯಯನದ ಅವಧಿ, ಉಳಿದ ಮನೆಗಳ ಜಾಗ ಈ ಮೂರನ್ನು ಬದಲಿಸಿ ನೋಡಿ. ಯಾವುದು ಮೇಲು ಅನ್ನೋ ಕ್ರಮ ತಿರುವುಮುರುವಾದರೆ ಯಾವ ಅಂಕಿಗೆ ಆಯಿತು ಅನ್ನೋದನ್ನು ಆಕ್ಷೇಪಣೆಯಲ್ಲಿ ಬರೆಯಿರಿ.